ಕರೆಸ್ಪಾಂಡಿಂಗ್ ಆಥರ್ ಸಣ್ಣಬಸಪ್ಪ

ಗಿರೀಶನ ಹತ್ತಿರ ಅಚ್ಚಾದ ಪ್ರಬಂಧ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಕೆಮಿಸ್ಟ್ರಿಯಲ್ಲಿ ಎಂ.ಎಸ್‌ಸಿ. ಇತ್ತು, ರಾಯದುರ್ಗದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಇತ್ತು, ಬರೆದು ಬೈಂಡ್ ಮಾಡಿಸಿದ ಥೀಸಿಸ್ ಟ್ರಂಕಿನಲ್ಲಿತ್ತು. ಆದರೆ ಜರ್ನಲಿನಲ್ಲಿ ಒಂದು ಪ್ರಬಂಧವಾದರೂ ಬಾರದೆ ಯೂನಿವರ್ಸಿಟಿ ಥೀಸಿಸನ್ನು ಮುಟ್ಟುವುದಿಲ್ಲ. ಜೂನ್ ಕೊನೆಗೆ ಅವನ ರಿಜಿಸ್ಟ್ರೇಷನ್ ಮುಗಿಯುತ್ತಿತ್ತು. ಇನ್ನು ಗಡುವು ಮುಂದೂಡುವುದಿಲ್ಲ ಎಂದು ಯೂನಿವರ್ಸಿಟಿ ಬರೆದು ತಿಳಿಸಿತ್ತು. ಪಿಎಚ್‌.ಡಿ. ಇಲ್ಲದಿದ್ದರೆ ಕೆಲಸವೂ ಉಳಿಯುವುದಿಲ್ಲ ಎಂದು ಕಾಲೇಜಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದರು.

ಪ್ರಬಂಧದಲ್ಲಿ ತಪ್ಪೇನೂ ಇರಲಿಲ್ಲ. ರಾಯದುರ್ಗ, ಮಡಕಶಿರಾ, ಅಮರಾಪುರ, ಅಗಳಿಯ ಅಂಗಡಿಗಳಿಂದ ಹನ್ನೆರಡು ಬಾಟಲಿ ಶೇಂಗಾ ಎಣ್ಣೆ ಕೊಂಡು ತಂದು, ಅದರಲ್ಲಿ ಪಾಮಾಯಿಲ್ ಎಷ್ಟು ಬೆರೆತಿದೆ ಎಂದು ಗಿರೀಶ ಅಳೆದಿದ್ದ. ಎಲ್ಲದರಲ್ಲೂ ಬೆರೆತಿತ್ತು, ಕೆಲವುಗಳಲ್ಲಿ ಸ್ವಲ್ಪ, ಕೆಲವುಗಳಲ್ಲಿ ಧಾರಾಳ. ಮಿಲ್ಲುಗಳ ಹೆಸರು ಬರೆಯದೆ ಎ, ಬಿ, ಸಿ ಎಂದಷ್ಟೇ ಬರೆದಿದ್ದ. ಯಾಕೆಂದರೆ 'ಎಫ್' ಬಾಟಲಿ ಶ್ರೀ ಪಂಪಮ್ಮ ಆಯಿಲ್ ಮಿಲ್ಲಿನದು. ಆ ಮಿಲ್ಲು ಸಣ್ಣಬಸಪ್ಪನವರದು, ಕಾಲೇಜೂ ಸಣ್ಣಬಸಪ್ಪನವರದೇ. ಇದು ಸಂಶೋಧಕನ ನೀತಿಯೋ ನೌಕರನ ಹೆದರಿಕೆಯೋ ಎಂದು ಕೇಳಬಾರದು. ನಮ್ಮ ಕಡೆ ಎರಡನ್ನೂ ಒಂದೇ ಬಾಟಲಿಯಲ್ಲಿ ತುಂಬುತ್ತಾರೆ.

ಪ್ರಬಂಧ ಕಳಿಸುವ ದಿನ ಗೈಡ್ ಚಂದ್ರಕಲಾ ಮೇಡಂಗೆ ಫೋನ್ ಮಾಡಿದ. ಮೇಡಂ ಬಸ್ಸಿನಲ್ಲಿದ್ದರು.

"ಮೊದಲ ಹೆಸರು ನಂದು ಹಾಕು ಗಿರೀಶ್. ಆಮೇಲೆ ನಿಂದು. ಆಮೇಲೆ ಕರೆಸ್ಪಾಂಡಿಂಗ್..." ಬಸ್ಸು ಹಾರ್ನ್ ಹೊಡೆಯಿತು. "...ಹೆಸರು, ಮೇಲ್ ಐಡಿ ಸರಿಯಾಗಿ ಹಾಕು. ಜರ್ನಲಿನವರು ಅವರ ಹತ್ರಾನೇ ಮಾತಾಡೋದು."

"ಕರೆಸ್ಪಾಂಡೆಂಟ್ ಹೆಸರೂ ಹಾಕಬೇಕಾ ಮೇಡಂ?"

"ಹಾಕದೆ ಹೆಂಗಪ್ಪಾ? ಅದಿಲ್ಲದಿದ್ರೆ ಫಾರಂ ಮುಂದಕ್ಕೇ ಹೋಗಲ್ಲ."

ಆಂಧ್ರದಲ್ಲಿ ಖಾಸಗಿ ಕಾಲೇಜು ಕಟ್ಟಿಸಿದ ಯಜಮಾನನನ್ನು ಕರೆಸ್ಪಾಂಡೆಂಟ್ ಎನ್ನುತ್ತಾರೆ. ಅವರು ಯಾರಿಗೆ ಪತ್ರ ಬರೆಯುತ್ತಾರೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಗಿರೀಶ ಆರು ವರ್ಷದಿಂದ ಪ್ರತಿ ರಜೆ ಚೀಟಿಯನ್ನೂ 'ಟು ದಿ ಕರೆಸ್ಪಾಂಡೆಂಟ್' ಎಂದೇ ಶುರು ಮಾಡುತ್ತಿದ್ದ. ಯಜಮಾನರ ಹೆಸರಿಲ್ಲದೆ ಕಾಲೇಜಿನಲ್ಲಿ ಚಾಕ್‌ಪೀಸ್ ಡಬ್ಬಿ ಕೂಡ ಬಿಚ್ಚುವಂತಿಲ್ಲ, ಇನ್ನು ಪ್ರಬಂಧ ಹೇಗೆ ಹೋದೀತು? ಸಣ್ಣಬಸಪ್ಪನವರ ಹೆಸರು ಹಾಕಿದ, ಅವರ ಫೋನಿಗೇ ಹೋಗುವ ಕಾಲೇಜಿನ ಮೇಲ್ ಐಡಿಯನ್ನೂ ಹಾಕಿದ.

ಫಾರಂನ ಕೊನೆಯಲ್ಲಿ, ಪ್ರಬಂಧವನ್ನು ಪರಿಶೀಲಿಸಲು ನಿಷ್ಪಕ್ಷಪಾತಿಯಾದ ಒಬ್ಬ ರೆಫರಿಯನ್ನು ಸೂಚಿಸಿ ಎಂದಿತ್ತು. ಗಿರೀಶನಿಗೆ ಗೊತ್ತಿದ್ದ ರೆಫರಿ ಒಬ್ಬನೇ, ಕಾಲೇಜಿನ ಫಿಜಿಕಲ್ ಡೈರೆಕ್ಟರ್ ಜಯಣ್ಣ. ಎಣ್ಣೆಗೂ ಕಬಡ್ಡಿಗೂ ಏನು ಸಂಬಂಧ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಜಯಣ್ಣ ಮಂಡಲ ಮಟ್ಟದ ಫೈನಲಿನಲ್ಲಿ ಸ್ವಂತ ತಮ್ಮನಿಗೇ ಔಟ್ ಕೊಟ್ಟ ಮನುಷ್ಯ. ಅವನಿಗಿಂತ ನಿಷ್ಪಕ್ಷಪಾತಿ ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ. ಹುದ್ದೆಯ ಖಾನೆ ಚಿಕ್ಕದಿತ್ತು, 'ಡೈರೆಕ್ಟರ್' ಎಂದಷ್ಟೇ ಹಿಡಿಸಿತು. ಯಾವುದೋ ಸಂಶೋಧನಾ ಸಂಸ್ಥೆಯ ಡೈರೆಕ್ಟರ್ ಇರಬೇಕೆಂದು ದೂರದ ಸಂಪಾದಕರು ತಿಳಿದುಕೊಂಡರು.

ಫಾರಂನಲ್ಲಿ ಒಂದೂ ಸುಳ್ಳಿರಲಿಲ್ಲ. ಎಲ್ಲವೂ ರಾಯದುರ್ಗದ ನಿಜ.

ಮೂರನೆಯ ದಿನ ಮಿಲ್ಲಿನಿಂದ ಕರೆ ಬಂತು.

"ಬರ್ರಿ ಮೇಷ್ಟ್ರೆ, ಕುಂದರ್ರಿ," ಎಂದರು ಸಣ್ಣಬಸಪ್ಪನವರು. ಅವರು ಗಿರೀಶನಿಗೆ ಕೂರಲು ಹೇಳಿದ್ದು ಅದೇ ಮೊದಲು. ಕುರ್ಚಿಯ ಮೇಲೆ ಹಿಂಡಿ ಮೂಟೆ ಇತ್ತು. ಗಿರೀಶ ಮೂಟೆಯ ಮೇಲೇ ಕೂತ.

"ಏನಿದು ನೋಡ್ರಿ. 'ಡಿಯರ್ ಡಾಕ್ಟರ್ ಸಣ್ಣಬಸಪ್ಪ' ಅಂತ ಬಂದೈತಿ. ಯಾರಿವರು? ನನಗ್ಯಾಕ ಡಾಕ್ಟರ್ ಅಂತಾರ?"

"ಜರ್ನಲಿನೋರು ಸಾರ್. ನಮ್ ಪೇಪರಿಗೆ ತಾವೂ ಆಥರು."

"ನಾನೇನು ಬರದೀನ್ರಿ?"

"ಏನೂ ಇಲ್ಲ ಸಾರ್. ಕರೆಸ್ಪಾಂಡೆಂಟ್ ಹೆಸರು ಇರಲೇಬೇಕಂತೆ. ರೂಲು."

"ಚಲೋ ರೂಲು," ಎಂದರು ಸಣ್ಣಬಸಪ್ಪನವರು ಮನಸಾರೆ.

ಮಿಲ್ಲಿಗೂ ಮನೆಗೂ ನಡುವಿನ ಬಾಗಿಲಲ್ಲಿ ಅವರ ಹೆಂಡತಿ ಪಂಪಮ್ಮ ನಿಂತಿದ್ದರು. ಮಿಲ್ಲಿಗೆ ಹೆಸರು ಕೊಟ್ಟವರು ಅವರೇ. "ಸೆವೆಂತ್ ಕ್ಲಾಸಿನಾಗ ಮೂರು ವರ್ಷ ಕುಂತವರಿಗೆ ಡಾಕ್ಟರಾ? ಬ್ಯಾರೆ ಯಾರದೋ ಇದ್ದೀತು, ಸರಿಯಾಗಿ ನೋಡ್ರಿ."

"ರಾಯದುರ್ಗ ಅಂತ ಬರದಾರ. ರಾಯದುರ್ಗದಾಗ ಇನ್ನೆಷ್ಟು ಮಂದಿ ಡಾಕ್ಟರ್ ಸಣ್ಣಬಸಪ್ಪ ಅದಾರ?" ಎಂದು ಗಿರೀಶನ ಕಡೆ ತಿರುಗಿದರು. "ಅಂದಂಗ, ಯಾತರ ಮ್ಯಾಲ ಬರದೀವ್ರಿ ನಾವು?"

"ಶೇಂಗಾ ಎಣ್ಣೆ ಮೇಲೆ ಸಾರ್."

"ನೋಡಿದಿಯೇನ ಪಂಪಾ! ನನ್ನ ಬಿಟ್ಟು ಇನ್ಯಾರು ಬರೀಬೇಕ ಅದನ್ನ?"

ನಿಜ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ಗಿರೀಶ ಬಾಯಿ ತೆರೆದ. ಅಷ್ಟರಲ್ಲಿ ಪಂಪಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದು ಮುಂದಿಟ್ಟರು. ತೆರೆದ ಬಾಯಿಗೆ ಮಿರ್ಚಿ ಹೋಯಿತು. ಅದು ಎಫ್ ಬಾಟಲಿಯ ಎಣ್ಣೆಯದಲ್ಲ ಎಂದು ರುಚಿಯಲ್ಲೇ ಗೊತ್ತಾಯಿತು. ಮನೆಗೆಂದು ಬೇರೆ ತೆಗೆದಿಟ್ಟ ಎಣ್ಣೆ.

ಮರುವಾರ ಮಿಲ್ಲಿನ ಬೋರ್ಡಿನಲ್ಲಿ ಯಜಮಾನರ ಹೆಸರಿನ ಹಿಂದೆ 'ಡಾ.' ಬಂದು ಕೂತಿತು. ಜಾಗ ಸಾಲದೆ ಪೇಂಟರು ಅದನ್ನು 'ಶ್ರೀ'ಯ ತಲೆಯ ಮೇಲೆ ಬರೆದಿದ್ದ. ಊರಿನವರಿಗೆ ಆಶ್ಚರ್ಯವಾಗಲಿಲ್ಲ. ಯಾವ ಯೂನಿವರ್ಸಿಟಿ ಎಂದೂ ಕೇಳಲಿಲ್ಲ. ದುಡ್ಡಿದ್ದವರಿಗೆ ತಡವಾಗಿಯಾದರೂ ಬರುತ್ತದೆ ಎಂದುಕೊಂಡರು.

ಇತ್ತ ಗಿರೀಶ ಅಗಳಿಯಲ್ಲಿದ್ದ ಅವ್ವ ಕದರಮ್ಮನಿಗೆ ಫೋನಿನಲ್ಲಿ, "ನಂದು ಒಂದು ಪೇಪರ್ ಬತ್ತೈತೆ ಕಣವ್ವ," ಎಂದಿದ್ದ. ಕದರಮ್ಮನಿಗೆ ಗೊತ್ತಿದ್ದ ಪೇಪರ್ ಒಂದೇ. ಅವರ ಬೀದಿಯಿಂದ ಅದರಲ್ಲಿ ಇಬ್ಬರು ಬಂದಿದ್ದರು. ಒಬ್ಬ ಬೋರ್‌ವೆಲ್ ಕೇಬಲ್ ಕದ್ದು ಬಂದಿದ್ದ, ಇನ್ನೊಬ್ಬ ಲಾರಿಗೆ ಸಿಕ್ಕಿ ಬಂದಿದ್ದ.

ಶುಕ್ರವಾರ ಜರ್ನಲಿನಿಂದ ಉತ್ತರ ಬಂತು. ಸಣ್ಣಬಸಪ್ಪನವರ ಫೋನಿನಲ್ಲಿ ಇಂಗ್ಲಿಷನ್ನು ಕನ್ನಡ ಮಾಡುವ ಒಂದು ಆ್ಯಪ್ ಇತ್ತು. ಅವರು ಗಿರೀಶನನ್ನು ಕರೆಸಿ ಕೂರಿಸಿಕೊಂಡು ಗಟ್ಟಿಯಾಗಿ ಓದಿದರು.

"'ನಿಮ್ಮ ಹಸ್ತಪ್ರತಿಯನ್ನು ಇಬ್ಬರು ಕುರುಡು ವಿಮರ್ಶಕರು ನೋಡಿದ್ದಾರೆ.' ಕುರುಡರು ಹೆಂಗ ನೋಡಿದ್ರಿ ಮೇಷ್ಟ್ರೆ?"

"ಹಂಗಲ್ಲ ಸಾರ್. ಯಾರು ಬರೆದಿದ್ದು ಅಂತ ಅವರಿಗೆ ಗೊತ್ತಾಗಬಾರದು, ಯಾರು ನೋಡಿದ್ದು ಅಂತ ನಮಗೆ ಗೊತ್ತಾಗಬಾರದು. ಹಂಗೆ ಒಂದು ನಿಯಮ."

"ನಾನು ಅಂತ ಗೊತ್ತಿಲ್ಲದ ಓದೋದಾದ್ರ ನನ್ನ ಹೆಸರು ಹಾಕಿ ಏನು ಉಪಯೋಗ?"

ಗಿರೀಶ ಮುಂದಿನ ಸಾಲಿನ ಕಡೆ ಬೆರಳು ತೋರಿಸಿದ. ದೊಡ್ಡ ದೊಡ್ಡ ಪ್ರೊಫೆಸರರೂ ಹಾಗೇ ಮಾಡುತ್ತಿದ್ದರು.

"'ನಿಮ್ಮ ಹಸ್ತಪ್ರತಿಗೆ ಅಪ್ರಾಪ್ತ ವಯಸ್ಕ ತಿದ್ದುಪಡಿ ಅಗತ್ಯವಿದೆ.'" ಸಣ್ಣಬಸಪ್ಪನವರ ದನಿ ಇಳಿಯಿತು. "ಮಿಲ್ಲಿನಾಗ ಹದಿನೆಂಟರ ಒಳಗಿನವರು ಯಾರೂ ಇಲ್ರಿ. ಇದ್ದೊಬ್ಬನ್ನ ಸಂಕ್ರಾಂತಿಗೇ ಬಿಡಿಸೀನಿ. ಇವರಿಗೆ ಯಾರು ಹೇಳಿದ್ರು?"

"ಮೈನರ್ ರಿವಿಜನ್ ಸಾರ್ ಅದು. ಸಣ್ಣಪುಟ್ಟ ತಿದ್ದುಪಡಿ ಅಂತ."

"ಹಂಗ ಹೇಳ್ಬೇಕಲ್ಲ! 'ಲೇಖಕರಿಗೆ ಸ್ಪರ್ಧಾತ್ಮಕ ಬಡ್ಡಿ ಇದ್ದರೆ ಘೋಷಿಸಬೇಕು.' ಐತಿ ಅಂತ ಬರೀರಿ. ನೂರಕ್ಕ ಎರಡು. ಇಡೀ ಬಜಾರಿನಾಗ ನಂದೇ ಕಡಿಮಿ."

"ಇದು ಆ ಬಡ್ಡಿ ಅಲ್ಲ ಸಾರ್. ಇಂಟರೆಸ್ಟ್ ಅಂದ್ರೆ ಇಲ್ಲಿ ಹಿತಾಸಕ್ತಿ. ಈ ಎಣ್ಣೆಯಿಂದ ನಮಗೇನಾದ್ರೂ ಲಾಭ ಐತಾ ಅಂತ..."

"ಲಾಭ ಇಲ್ಲದ ಎಣ್ಣಿ ಮಿಲ್ಲು ಯಾಕ ಇಡ್ತಾರ್ರಿ? ಮುಂದ ಕೇಳ್ರಿ. ಮೊದಲನೇ ಕುರುಡ: 'ನಿಮ್ಮ ಮಾದರಿಗಳ ಮೂಲ ಸ್ಪಷ್ಟವಾಗಿಲ್ಲ. ದಯವಿಟ್ಟು ತಿಳಿಸಿ.'"

ಗಿರೀಶ ಎದ್ದು ನಿಂತ. "ಇದೊಂದನ್ನ ನನಗೆ ಬಿಡಿ ಸಾರ್. ನಾನೇ ಬರೀತೀನಿ."

"ಆತು. ಎರಡನೇ ಕುರುಡ: 'ಮೊದಲು ಕಬಡ್ಡಿ ಅಂಕಣದ ಮೇಲೆ ಒಣಗಲು ಹಾಕಿದ ಶೇಂಗಾ ತೆಗೆಯಬೇಕು. ಎರಡು ವರ್ಷದಿಂದ ಮಕ್ಕಳು ಆಡಿಲ್ಲ. ಆಮೇಲೆ ಪ್ರಬಂಧದ ವಿಷಯ.'"

ಮಿಲ್ಲಿನ ಯಂತ್ರವನ್ನು ಯಾರೋ ಅದೇ ಹೊತ್ತಿಗೆ ನಿಲ್ಲಿಸಿದರು. ಸಣ್ಣಬಸಪ್ಪನವರು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಎಲ್ಲೋ ದಿಲ್ಲಿಯಾಗ ಕುಂತಾನ. ಕಣ್ಣಿಲ್ಲ. ನಮ್ಮ ಅಂಕಣದ ಮ್ಯಾಲಿನ ಶೇಂಗಾ ಅವನಿಗೆ ಹೆಂಗ ಕಂಡಿತ್ರಿ?"

"ಅಂಥವರಿಗೆ ಒಳಗಣ್ಣು ಇರ್ತೈತಿ," ಎಂದರು ಬಾಗಿಲಿನಿಂದ ಪಂಪಮ್ಮ. "ಆಡೋ ಹುಡುಗರ ಜಾಗದಾಗ ಹಾಕಬ್ಯಾಡ್ರಿ, ಶಾಪ ತಟ್ಟತೈತಿ ಅಂತ ನಾನು ಬಡಕೊಂಡೆ. ನನ್ನ ಮಾತು ಯಾರು ಕೇಳ್ತಾರ? ಈಗ ಜರ್ನಲ್ಲಿಗೇ ಹೋತು."

ಸಂಜೆಯೊಳಗೆ ಅಂಕಣ ಖಾಲಿಯಾಯಿತು. ಗಿರೀಶ ಹೋಗಿ ನೋಡಿದರೆ ಜಯಣ್ಣ ಬಗ್ಗಿಕೊಂಡು ಸುಣ್ಣದ ಗೆರೆ ಎಳೆಯುತ್ತಿದ್ದ.

"ಜಯಣ್ಣ ಸಾರ್, ಎರಡನೇ ವಿಮರ್ಶಕರು ನೀವೇನಾ?"

"ರೆಫರಿ ಯಾರು ಅಂತ ಕೇಳಬಾರದಂತ ಮೇಲಿನಾಗ ಬರದಾರ. ಗೌಪ್ಯ." ಜಯಣ್ಣ ತಲೆ ಎತ್ತಲಿಲ್ಲ.

"ಪ್ರಬಂಧ ಓದಿದ್ರಾ?"

"ಎದಕ್ಕ? ಅಂಕಣ ಖಾಲಿ ಆತಲ್ಲ. ಪಾಯಿಂಟ್ ಕೊಟ್ಟೀನಿ, ಹೋಗ್ರಿ." ಎಂದು ಸೀಟಿ ಊದಿದ.

ಅವತ್ತು ರಾತ್ರಿಯೇ ಅವ್ವನ ಫೋನು ಬಂತು. ಅಳುತ್ತಿದ್ದಳು. ಪೇಪರಿನಲ್ಲಿ ಬರುವಂಥದ್ದು ಮಗ ಏನು ಮಾಡಿದ ಎಂದು ತಿಳಿಯದೆ, ಪಕ್ಕದ ಮನೆಯ ಪೆದ್ದಣ್ಣನನ್ನು ದಿನಾ ಮಡಕಶಿರಾ ಬಸ್‌ಸ್ಟ್ಯಾಂಡಿಗೆ ಕಳಿಸಿ ಇದ್ದಬದ್ದ ಪೇಪರೆಲ್ಲ ತರಿಸಿ ಓದಿಸುತ್ತಿದ್ದಳು. ಶನಿವಾರ ಗಿರೀಶ ಬಸ್ಸು ಹಿಡಿದು ಅಗಳಿಗೆ ಹೋದ.

"ಏನ್ಲಾ ಮಾಡ್ದೆ? ನಿಜ ಹೇಳು," ಎಂದಳು ಕದರಮ್ಮ.

"ಏನೂ ಮಾಡಿಲ್ಲ ಕಣವ್ವ. ಎಣ್ಣೆ ಮೇಲೆ ಬರೆದಿದೀನಿ. ದೊಡ್ಡ ದೊಡ್ಡೋರು ನೋಡಿ, ಸರಿ ಐತೆ ಅಂದ್ರೆ ಹಾಕ್ತಾರೆ."

"ಕಡ್ಲೆಕಾಯಿ ಎಣ್ಣೆ ಸರಿ ಐತಾ ಇಲ್ವಾ ಅಂತ ನನ್ನ ಕೇಳಿದ್ರೆ ನಾನೇ ಮೂಸಿ ಹೇಳ್ತಿದ್ನಲ್ಲೋ."

ಪೆದ್ದಣ್ಣ ಜಗಲಿಯ ಮೇಲೆ ಒಂದು ವಾರದ ಪೇಪರುಗಳನ್ನು ಹರಡಿಕೊಂಡು ಕೂತಿದ್ದ. "ಎಲ್ಲಾ ಪುಟ ನೋಡ್ದೆ ಕಣಪ್ಪ ಗಿರೀಶ. ಸತ್ತೋರ ಪುಟಾನೂ ಬಿಡಲಿಲ್ಲ. ಎಲ್ಲೂ ಇಲ್ಲ ನೀನು," ಎಂದು ಬೇಸರದಿಂದ ಹೇಳಿದ.

ಸೋಮವಾರ ರಾಯದುರ್ಗಕ್ಕೆ ವಾಪಸು ಬಂದಾಗ ಸಣ್ಣಬಸಪ್ಪನವರು ಕಾಲೇಜು ಗೇಟಿನಲ್ಲೇ ಸಿಕ್ಕರು.

"ಕಳಿಸಿಬಿಟ್ಟೆ ಮೇಷ್ಟ್ರೆ!"

"ಏನನ್ನ ಸಾರ್?"

"ಉತ್ತರ! ನಮ್ಮ ಆಫೀಸಿನ ಕಿರಣ್‌ಕುಮಾರ್ ಕೈಲಿ ಟೈಪ್ ಮಾಡಿಸಿದೆ. ನೀವು ಪಾಪ ಬಸ್ಸಿನಾಗ ಓಡಾಡಿ ದಣಿದಿರ್ತೀರಿ. ಎಲ್ಲಾದಕ್ಕೂ ಚಂದ ಬರದೀನಿ. ಆ ಇಬ್ಬರಿಗೂ ಒಂದೊಂದು ಟಿನ್ ಎಣ್ಣಿ ಪಾರ್ಸೆಲ್ ಮಾಡಿಸೀನಿ, ಜರ್ನಲ್ ಆಫೀಸಿಗೇ. ಪಾಪ, ಕಣ್ಣಿಲ್ಲದವರು."

ಎಣ್ಣೆ ಟಿನ್ನಿನ ಮಾತು ಕೇಳಿ ಗಿರೀಶನಿಗೆ ಮಾದರಿಯ ಪ್ರಶ್ನೆ ಮರೆತೇಹೋಯಿತು. ಪರೀಕ್ಷಕರಿಗೆ ಎಣ್ಣೆ ಕಳಿಸುವುದು ತಪ್ಪೆಂದು ಅವನಿಗೆ ಗೊತ್ತಿತ್ತು. ಕಳಿಸಿದ್ದು ಯಜಮಾನರು ಎಂದೂ ಗೊತ್ತಿತ್ತು. ಎರಡನ್ನೂ ತೂಗಿ ನೋಡಿ, "ಒಳ್ಳೇದು ಸಾರ್," ಎಂದ.

ಮೇ ಕೊನೆಯ ವಾರ ಪ್ರಬಂಧ ಅಚ್ಚಾಯಿತು. ಚಂದ್ರಕಲಾ ಮೇಡಂ ಓದದೆ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದ ಗುರುತು ಕಳಿಸಿದರು. ಸಣ್ಣಬಸಪ್ಪನವರು ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಹಾಕಿಸಿದರು. ಮೇಲೆ ಅವರ ಫೋಟೊ, ಕೆಳಗೆ ಪ್ರಬಂಧದ ಕೋಷ್ಟಕ, ಅದರ ಕೆಳಗೆ 'ಅಂತಾರಾಷ್ಟ್ರೀಯ ಜರ್ನಲಿನಲ್ಲಿ ಬಂದ ಎಣ್ಣೆ' ಎಂಬ ಸಾಲು.

ಗಿರೀಶ ಫ್ಲೆಕ್ಸಿನ ಕೆಳಗೆ ನಿಂತು ಕೋಷ್ಟಕ ಓದಿದ. ಎ ಇಂದ ಎಲ್ ವರೆಗೆ ಹನ್ನೆರಡೂ ಎಣ್ಣೆಗಳ ಪಕ್ಕದಲ್ಲಿ ಒಂದೇ ಹೆಸರಿತ್ತು: ಶ್ರೀ ಪಂಪಮ್ಮ ಆಯಿಲ್ ಮಿಲ್, ರಾಯದುರ್ಗ. ಅದರ ಪಕ್ಕದಲ್ಲಿ ಬೆರೆತ ಪಾಮಾಯಿಲಿನ ಲೆಕ್ಕ.

ಓಡಿಹೋಗಿ ಕೇಳಿದ: "ಸಾರ್, ಆ ಅಂಕಿ ನೋಡಿದ್ರಾ?"

"ನೋಡಿದೆ. ಮೂವತ್ತೆಂಟು ಬಂದೈತಿ ಒಂದಕ್ಕ. ಮೂವತ್ತೈದಕ್ಕ ಪಾಸಲ್ರಿ?"

ಅದನ್ನು ಬೇರೆ ಥರ ಓದಿದವನು ಒಬ್ಬ ತೆಲುಗು ಪೇಪರಿನ ವರದಿಗಾರ, ಬಸ್ಸು ಕಾಯುತ್ತಾ ನಿಂತಿದ್ದವನು. ಎರಡು ದಿನದಲ್ಲಿ ಸುದ್ದಿ ಬಂತು. ಮಡಕಶಿರಾದಲ್ಲಿ ಪೆದ್ದಣ್ಣ ಕೊನೆಗೂ ಗಿರೀಶನ ಹೆಸರನ್ನು ಹುಡುಕಿ ತೆಗೆದ. ಅಗಳಿಯಲ್ಲಿ ಕದರಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಸುದ್ದಿ ಏನೆಂದು ಪೆದ್ದಣ್ಣ ಪೂರ್ತಿ ಓದಿ ಹೇಳಲಿಲ್ಲ.

ಅದರ ಮರುದಿನ ಗಿರೀಶ ಮಿಲ್ಲಿನಲ್ಲಿದ್ದಾಗಲೇ ಅನಂತಪುರದಿಂದ ಫುಡ್ ಇನ್ಸ್‌ಪೆಕ್ಟರ್ ಬಂದ. ಕೈಯಲ್ಲಿ ಪ್ರಬಂಧದ ಜೆರಾಕ್ಸ್ ಇತ್ತು. "ಮೀರೇನಾ ಆಥರು?" ಎಂದು ತೆಲುಗಿನಲ್ಲಿ ಕೇಳಿದ.

"ನಾನೇ ರೀ. ಡಾಕ್ಟರ್ ಸಣ್ಣಬಸಪ್ಪ. ಕುಂದರ್ರಿ. ಏ, ಮಿರ್ಚಿ ತಗೊಂಬಾ."

ಇನ್ಸ್‌ಪೆಕ್ಟರ್ ಅವರ ಕೈ ಹಿಡಿದು ಕುಲುಕಿ ಕನ್ನಡಕ್ಕೆ ತಿರುಗಿದ. "ನಂದು ಇಪ್ಪತ್ತು ವರ್ಷ ಸರ್ವಿಸ್ ಆಯ್ತು ಸಾರ್. ಎಲ್ಲಾ ಮಿಲ್ಲಿನೋರೂ ಬೆರೆಸಿಲ್ಲ ಅಂತಾರೆ. ಬೆರೆಸ್ತೀನಿ ಅಂತ ಲೆಕ್ಕ ಸಮೇತ ಪ್ರಿಂಟ್ ಹಾಕಿಸಿ, ಬಸ್‌ಸ್ಟ್ಯಾಂಡಿನಲ್ಲಿ ನೇತು ಹಾಕಿದ ಮೊದಲನೇ ಮನುಷ್ಯ ನೀವು."

ಸಣ್ಣಬಸಪ್ಪನವರು ನಗುತ್ತಲೇ ಇದ್ದರು. ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಆಮೇಲೆ, "ಮೇಷ್ಟ್ರೆ..." ಎಂದರು.

"ನಾನು ಎ, ಬಿ, ಸಿ ಅಂತಷ್ಟೇ ಬರೆದಿದ್ದೆ ಸಾರ್," ಎಂದ ಮೂಲೆಯಲ್ಲಿದ್ದ ಗಿರೀಶ. "ಮಾದರಿಗಳು ಎಲ್ಲಿಂದ ಬಂದವು ಅಂತ ಕೇಳಿದ್ದಕ್ಕೆ ಮಿಲ್ಲಿನ ಹೆಸರು ತಾವು ಬರೆಸಿದ್ದು."

"ಮಾದರಿ ಅಂದ್ರ ಮಾದರಿ ಅಲ್ಲೇನ್ರಿ? ಮಾದರಿ ಶಾಲೆ, ಮಾದರಿ ಗ್ರಾಮ ಅನ್ನೂದಿಲ್ಲೇನು? ಮಾದರಿ ಎಣ್ಣಿ ಯಾವ ಮಿಲ್ಲಿಂದು ಅಂತ ಕೇಳಿದ್ರ ನಾನು ಇನ್ನೊಬ್ಬರ ಹೆಸರು ಯಾಕ ಬರೀಲಿ?"

"ಅದು ಸ್ಯಾಂಪಲ್ ಸಾರ್. ಅಂಗಡಿಯಿಂದ ತಂದ ಬಾಟಲಿ."

"ಸ್ಯಾಂಪಲ್ ಅಂತ ಹೇಳೋಕ ಏನಾಗಿತ್ತು ನಿಮಗ? ಅಚ್ಚ ಕನ್ನಡದಾಗ ಸ್ಯಾಂಪಲ್ ಅಂದಿದ್ರ ತಿಳೀತಿತ್ತು!"

ಇನ್ಸ್‌ಪೆಕ್ಟರ್ ಎಣ್ಣೆ ಬೇಕೆಂದ. ಪಂಪಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಒಂದು ಟಿನ್ ತಂದಿಟ್ಟರು. ಅದು ಮನೆಯ ಟಿನ್. ಗಿರೀಶನಿಗೆ ಗೊತ್ತಾಯಿತು. ಮೂಲೆಯಿಂದ ಒಂದು ಹೆಜ್ಜೆ ಮುಂದೆ ಬಂದ. ಸಣ್ಣಬಸಪ್ಪನವರು ಅವನನ್ನು ನೋಡಿದರು. ಅವನು ಮತ್ತೆ ಮೂಲೆಗೆ ಹೋದ.

ಆ ಮಧ್ಯಾಹ್ನ ಗಿರೀಶನ ಬಾಯಿಂದ ರೆಫರಿಯ ವಿಷಯ ಹೊರಡಿಸಿ, ಸಣ್ಣಬಸಪ್ಪನವರು ಕಿರಣ್‌ಕುಮಾರನನ್ನು ಕೂರಿಸಿಕೊಂಡು ಜರ್ನಲ್ಲಿಗೆ ಕೊನೆಯ ಮೇಲ್ ಬರೆಸಿದರು. "ಮಾನ್ಯರೆ, ಈ ಪ್ರಬಂಧ ನಾನು ಬರೆದಿಲ್ಲ. ಓದಿಲ್ಲ. ಇದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನಿಮ್ಮ ಎರಡನೇ ವಿಮರ್ಶಕ ನಮ್ಮ ಕಾಲೇಜಿನ ಡ್ರಿಲ್ ಮೇಷ್ಟ್ರು ಎಂದು ಈಗ ತಿಳಿದುಬಂದಿದೆ. ಎಣ್ಣೆ ಟಿನ್ ವಾಪಸು ಕಳಿಸಿ."

ಆ ಪ್ರಬಂಧದ ವ್ಯವಹಾರದಲ್ಲಿ ಯಾರೂ ತಪ್ಪು ತಿಳಿಯಲಾಗದ ಪತ್ರ ಅದೊಂದೇ. ಸಂಪಾದಕರೂ ತಪ್ಪು ತಿಳಿಯಲಿಲ್ಲ. ಬರೆಯದವರನ್ನು ಲೇಖಕರೆಂದು ತೋರಿಸಿದ್ದು, ಎಣ್ಣೆಯ ಮೂಲ ತಿರುಚಿದ್ದು, ಪರಿಚಯದವರಿಂದ ವಿಮರ್ಶೆ ಮಾಡಿಸಿದ್ದು, ವಿಮರ್ಶಕರಿಗೆ ಕಾಣಿಕೆ ಕಳಿಸಿದ್ದು, ಇಷ್ಟು ಕಾರಣ ಕೊಟ್ಟು ಪ್ರಬಂಧವನ್ನು ಹಿಂತೆಗೆದುಕೊಂಡರು. ಅದರ ಪ್ರತಿ ಪುಟದ ಮೇಲೂ ಕೆಂಪಕ್ಷರದ ಅಡ್ಡಪಟ್ಟಿ ಬಿತ್ತು.

"ನನ್ನ ಹೆಸರು ಯಾಕೆ ಹಾಕ್ದೆ?" ಎಂದರು ಚಂದ್ರಕಲಾ ಮೇಡಂ. ಈ ಸಲ ಅವರು ಬಸ್ಸಿನಲ್ಲಿರಲಿಲ್ಲ. ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸಿತು.

"ನೀವೇ ಹೇಳಿದ್ರಿ ಮೇಡಂ, ಮೊದಲನೇ ಹೆಸರು ನಿಮ್ಮದು ಅಂತ. ಕರೆಸ್ಪಾಂಡೆಂಟ್ ಹೆಸರೂ..."

"ಕರೆಸ್ಪಾಂಡಿಂಗ್ ಆಥರ್ ಅಂದ್ರೆ ಜರ್ನಲಿನವರ ಜೊತೆ ಪತ್ರವ್ಯವಹಾರ ಮಾಡೋ ಲೇಖಕ. ನೀನಪ್ಪಾ! ನೀನು!"

 ಗಿರೀಶನಿಗೆ ಅದು ಈಗಲೂ ಪೂರ್ತಿ ಅರ್ಥವಾಗಿರಲಿಲ್ಲ. ಯಾರೊಂದಿಗೂ ಪತ್ರವ್ಯವಹಾರವಿಲ್ಲದ ತಾನು ಹೇಗೆ ಕರೆಸ್ಪಾಂಡಿಂಗ್?

ಇನ್ಸ್‌ಪೆಕ್ಟರ್ ಒಯ್ದ ಎಣ್ಣೆ ಶುದ್ಧ ಶೇಂಗಾ ಎಣ್ಣೆ ಎಂದು ಲ್ಯಾಬಿನಿಂದ ಬಂತು. ಪ್ರಬಂಧ ಸುಳ್ಳೆಂದು ಜರ್ನಲೇ ಹೇಳಿದೆ, ಎಣ್ಣೆ ಶುದ್ಧವೆಂದು ಸರ್ಕಾರವೇ ಹೇಳಿದೆ. ಫ್ಲೆಕ್ಸಿನಲ್ಲಿ ಕೋಷ್ಟಕದ ಜಾಗಕ್ಕೆ ಲ್ಯಾಬಿನ ಸರ್ಟಿಫಿಕೇಟ್ ಬಂತು. ಎಫ್ ಬಾಟಲಿಯ ಎಣ್ಣೆ ಮೊದಲಿನ ಹಾಗೇ, ಮೊದಲಿನ ಬೆರಕೆಯಲ್ಲೇ ಅಂಗಡಿಗಳಿಗೆ ಹೋಗುತ್ತಿದೆ. ಹಾಸ್ಟೆಲ್ ಮೆಸ್ಸಿಗೂ ಅದೇ ಬರುತ್ತದೆ. ಬೋರ್ಡಿನ ಮೇಲಿನ 'ಡಾ.' ಅಳಿಸಿಲ್ಲ, ಅಳಿಸಿದರೆ 'ಶ್ರೀ'ಯೂ ಹೋಗುತ್ತದೆ ಎಂದು ಪೇಂಟರು ಹೇಳಿದ್ದಾನೆ.

ಜೂನ್ ಮುಗಿಯಿತು, ರಿಜಿಸ್ಟ್ರೇಷನ್ನೂ ಮುಗಿಯಿತು, ಥೀಸಿಸ್ ಟ್ರಂಕಿನಲ್ಲೇ ಉಳಿಯಿತು. ಜುಲೈ ಮೊದಲ ವಾರ ಗಿರೀಶನಿಗೆ ಕಾಲೇಜಿನಿಂದ ಪತ್ರ ಬಂತು: ಪಿಎಚ್‌.ಡಿ. ಇಲ್ಲದವರನ್ನು ಮುಂದುವರಿಸುವುದು ಸಂಸ್ಥೆಯ ನೀತಿಗೆ ವಿರುದ್ಧ. ಕೆಳಗೆ ಸಹಿ, ಸಹಿಯ ಕೆಳಗೆ 'ಕರೆಸ್ಪಾಂಡೆಂಟ್'. ಅವರು ಯಾರಿಗೋ ಪತ್ರ ಬರೆದದ್ದನ್ನು ಗಿರೀಶ ನೋಡಿದ್ದು ಅದೇ ಮೊದಲು. ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಗ್ರೌಂಡಿನ ಕಡೆ ತಿರುಗಿ ನೋಡಿದ. ಜಯಣ್ಣ ಗೋಡೆಗೆ ಒರಗಿ ನಿಂತಿದ್ದ, ಸೀಟಿ ಜೇಬಿನಲ್ಲಿತ್ತು. ಸುಣ್ಣದ ಗೆರೆಗಳ ಮೇಲೆ ಮೊಣಕಾಲೆತ್ತರಕ್ಕೆ ಶೇಂಗಾ ಹರಡಿತ್ತು.

ಒಟ್ಟು ಕಳೆದದ್ದು: ಪ್ರಬಂಧ ಒಂದು, ಥೀಸಿಸ್ ಒಂದು, ಕೆಲಸ ಒಂದು, ಎಣ್ಣೆ ಟಿನ್ ಎರಡು, ಕಬಡ್ಡಿ ಅಂಕಣ ಒಂದು.